ಒಂದು ಬಿಲ್ಲೆ, ಮೂರು ತೋಳು

ಆಸ್ಪತ್ರೆಯ ಪಟ್ಟಿಯಲ್ಲಿ ನಾವು ಮೂವರೂ ಒಬ್ಬಳೇ.

ಅತ್ತೆ, ನಾನು, ನಾದಿನಿ. ಆರು ಕೈ, ಒಂದು ಬಿಲ್ಲೆ. ತಗಡಿನ ಬಿಲ್ಲೆಯ ಮೇಲೆ ಏಳು ಎಂಬ ಅಂಕಿ ಕೊರೆದಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಏಳನೇ ನಂಬರಿನ ಕೆಲಸ ಮೊದಲು ಅತ್ತೆಯದಾಗಿತ್ತು. ಬೆಳಿಗ್ಗೆ ಆರರಿಂದ ಸಂಜೆ ಆರು. ಹದಿನಾಲ್ಕು ವರ್ಷ ಒಬ್ಬರೇ ಎಳೆದರು. ಆಮೇಲೆ ಅವರ ಸೊಂಟ ಬಿತ್ತು. ಗುತ್ತಿಗೆದಾರ ಬಂದು, "ಮನೆಯಿಂದ ಯಾರನ್ನಾದ್ರೂ ಜೊತೆಗೆ ಕಳಿಸು. ಹೆಸರು ಮಾತ್ರ ಬದಲಾಯಿಸೋಕಾಗಲ್ಲ" ಅಂದ. ಹಾಗೆ ನಾವು ಹಂಚಿಕೊಂಡೆವು. ಆರರಿಂದ ಹತ್ತು ನಾದಿನಿ. ಹತ್ತರಿಂದ ಎರಡು ನಾನು. ಎರಡರಿಂದ ಆರು ಅತ್ತೆ. ಪಾಳಿ ಮುಗಿದಾಗ ಬಿಲ್ಲೆಯ ದಾರ ಒಂದು ಕೊರಳಿನಿಂದ ಇನ್ನೊಂದು ಕೊರಳಿಗೆ ಹೋಗುತ್ತದೆ. ಬೆವರಿನಲ್ಲಿ ನೆನೆದ ದಾರ. ನನ್ನ ಕೊರಳಿಗೆ ಬರುವಾಗ ಅದು ನಾದಿನಿಯ ಮೈ ಬಿಸಿ ಹೊತ್ತಿರುತ್ತದೆ.

ಗುತ್ತಿಗೆದಾರನಿಗೆ ಇದು ಬಲು ಹಿಡಿಸಿತು. ದಿನಕ್ಕೆ ಮೂರು ಸಲ ದಣಿಯದ ತೋಳು ಸಿಗುತ್ತಿತ್ತು. ಏಳನೇ ನಂಬರು ಚುರುಕು ಎಂದು ನಲವತ್ತು ಗಂಟಿದ್ದದ್ದನ್ನು ಎಪ್ಪತ್ತು ಮಾಡಿದ. ಈಗ ಅದನ್ನು ಯಾವ ಒಬ್ಬ ಹೆಂಗಸೂ ಒಗೆಯಲಾರಳು.

ಮೇಲಿನ ವಾರ್ಡುಗಳಿಂದ ಗಂಟುಗಳು ತಗಡಿನ ಕೊಳವೆಯಲ್ಲಿ ಜಾರಿ ಬರುತ್ತವೆ. ಧಡ್ ಎಂದು ನಮ್ಮ ಮುಂದೆ ಬೀಳುತ್ತವೆ. ಒಂದೊಂದನ್ನೂ ಬಿಚ್ಚಬೇಕು. ಬಿಚ್ಚಿ ಕೊಡವಬೇಕು. ರಕ್ತದ್ದು ಒಂದು ಕಡೆ, ಹೇಲಿನದು ಒಂದು ಕಡೆ, ಬರೀ ಬೆವರಿನದು ಒಂದು ಕಡೆ. ಕೊಡವಿದಾಗ ಏನೇನೋ ಉದುರುತ್ತದೆ. ಚಮಚ, ಹಲ್ಲಿನ ಸೆಟ್ಟು, ಕೀವು ಅಂಟಿದ ಹತ್ತಿ. ಸೂಜಿ. ಸೂಜಿಯನ್ನು ವಾರ್ಡಿನಲ್ಲೇ ಡಬ್ಬಿಗೆ ಹಾಕಬೇಕು ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಗೋಡೆ ಓದುವಷ್ಟು ಬಿಡುವು ಯಾರಿಗಿದೆ? ಹಾಸಿಗೆ ಖಾಲಿಯಾಗುವ ಮೊದಲೇ ಮುಂದಿನ ರೋಗಿ ನಿಂತಿರುತ್ತಾನೆ. ಎಳೆದು, ಸುತ್ತಿ, ಗಂಟು ಹಾಕಿ, ಕೊಳವೆಗೆ ನೂಕುತ್ತಾರೆ.

ಅಂಟುರೋಗದವರ ಗಂಟಿಗೆ ಹಳದಿ ಪಟ್ಟಿ ಕಟ್ಟಬೇಕು. ಅದನ್ನು ಬಿಚ್ಚದೆ ಒಂದು ಗಂಟೆ ಔಷಧಿ ನೀರಿನಲ್ಲಿ ಮುಳುಗಿಸಬೇಕು. ಪಟ್ಟಿ ಕಟ್ಟಿದರೆ ಪುಸ್ತಕದಲ್ಲಿ ಬರೆಯಬೇಕು, ಬರೆದರೆ ಹೊತ್ತಾಗುತ್ತದೆ. ಅದಕ್ಕೇ ಪಟ್ಟಿ ಇಲ್ಲದೆಯೂ ಬರುತ್ತವೆ. ಗ್ಲೌಸು ಒಂದು ನಂಬರಿಗೆ ತಿಂಗಳಿಗೆ ಒಂದು ಜೊತೆ. ನಮ್ಮ ಆರು ಕೈಗೂ ಅದೇ. ಹತ್ತೇ ದಿನಕ್ಕೆ ತೋರುಬೆರಳಿನ ತುದಿ ಹರಿಯುತ್ತದೆ. ಹರಿಯದಿದ್ದರೂ ಅಷ್ಟೇ. ಒದ್ದೆ ಗಂಟು ಗ್ಲೌಸು ಹಾಕಿದ ಬೆರಳಿಗೆ ಬಿಚ್ಚಿಕೊಳ್ಳುವುದಿಲ್ಲ. ಬರಿಗೈಯೇ ಬೇಕು.

ಕಳೆದ ವರ್ಷ ಒಂದು ಸುದ್ದಿ ಕೆಳಗಿಳಿದು ಬಂತು. ಸಿಬ್ಬಂದಿಗೆಲ್ಲ ಕಾಮಾಲೆಯ ಸೂಜಿ. ರಕ್ತದಿಂದ ಅಂಟುವ ಕಾಮಾಲೆ, ಲಿವರು ತಿನ್ನುವಂಥದ್ದು. ಒಗೆಯುವವರಿಗೂ ಉಂಟು, ಎರಡನೇ ಮಹಡಿಯ ಕ್ಲಿನಿಕ್ಕಿಗೆ ಹೋಗಬೇಕು, ಒಟ್ಟು ಮೂರು ಸಲ.

ಅತ್ತೆ ಅವತ್ತು ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು. "ಕೇಳಿದ್ರಾ? ಕೊನೆಗೂ ಮೇಲಿನವರಿಗೆ ಕಣ್ಣು ಬಂತು. ನಾವು ಮೂವರಿದ್ದೀವಿ ಅಂತ ಗೊತ್ತಾಗಿದೆ. ಏಳಕ್ಕೆ ಮೂರು ಸೂಜಿ ಇಟ್ಟಿದ್ದಾರೆ!"

ನಾವು ನಂಬಿದೆವು. ಯಾಕೆ ನಂಬಬಾರದು? ಇಷ್ಟು ವರ್ಷಕ್ಕೆ ಒಮ್ಮೆಯಾದರೂ ಯಾರೋ ನಮ್ಮ ತಲೆ ಎಣಿಸಿದ್ದಾರೆ ಎಂದುಕೊಂಡೆವು. ಆ ಸಂಜೆ ಅತ್ತೆಯ ಮುಖದಲ್ಲಿದ್ದ ಕಳೆಯನ್ನು ನಾನು ಇವತ್ತಿಗೂ ಮರೆತಿಲ್ಲ.

"ಮೊದಲು ನೀನು ಹಾಕಿಸ್ಕೊ. ನಿಂಗೆ ಮಗು ಇದೆ" ಎಂದು ಅತ್ತೆ ನನ್ನನ್ನು ಕಳಿಸಿದರು. ಕ್ಲಿನಿಕ್ಕಿನಲ್ಲಿದ್ದವನು ನನ್ನ ಮುಖ ನೋಡಲಿಲ್ಲ, ಬಿಲ್ಲೆ ನೋಡಿದ. ಕಾರ್ಡಿನ ಮೇಲೆ ಏಳು ಎಂದು ಬರೆದು ಒಂದು ಮುದ್ರೆ ಹೊಡೆದ. ಒಂದು ತಿಂಗಳಾದ ಮೇಲೆ ನಾದಿನಿ ಹೋದಳು. ಎರಡನೇ ಮುದ್ರೆ ಬಿತ್ತು. ಇನ್ನು ಐದು ತಿಂಗಳಿಗೆ ಅತ್ತೆಯ ಸರದಿ. ಅವರು ಒಲ್ಲೆ ಅಂದರು.

"ನಂಗ್ಯಾಕೆ? ನಾನೇನು ಇನ್ನು ಮೂವತ್ತು ವರ್ಷ ಬಾಳ್ತೀನಾ?"

"ಬಾಳದಿದ್ರೆ ಬಿಡಮ್ಮ" ಎಂದಳು ನಾದಿನಿ. "ಸುಮ್ನೆ ಸೂಜಿ ದಂಡ ಆಗುತ್ತೆ. ಹಾಕಿಸ್ಕೊಂಡು ಆಮೇಲೆ ಸಾಯಿ."

ಅತ್ತೆ ನಕ್ಕು ಹೋಗಿ ಹಾಕಿಸಿಕೊಂಡು ಬಂದರು. ಮೂರು ತೋಳಿಗೂ ಒಂದೊಂದಾಯಿತು. ಕಾರ್ಡನ್ನು ಅತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

ಅದಾದ ನಾಲ್ಕನೇ ವಾರ ಗಂಟಿನೊಳಗಿದ್ದ ಸೂಜಿ ನಾದಿನಿಗೆ ಚುಚ್ಚಿತು.

ನಾನು ಹತ್ತಕ್ಕೆ ಹೋದಾಗ ಅವಳು ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತಿದ್ದಳು. ಸೋಪು ಹಚ್ಚಿ ತೊಳೆಯುತ್ತಲೇ ಇದ್ದಳು. ಕಲ್ಲಿನ ಮೇಲೆ ಸೂಜಿ ಬಿದ್ದಿತ್ತು. ಉದ್ದನೆಯದು, ರಕ್ತ ತೆಗೆಯುವುದು. ಅದರ ಕೊಳವೆಯಲ್ಲಿ ಕಪ್ಪು ರಕ್ತ ಇನ್ನೂ ಇತ್ತು.

"ಆಳಕ್ಕೆ ಹೋಯ್ತು ಅತ್ತಿಗೆ" ಎಂದಳು.

ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಹೇಳಿದ. "ಅದೇನು ಹೊಸದಾ? ಆವಾಗಾವಾಗ ಚುಚ್ಚತ್ತೆ. ನಿಮ್ಮ ಮೈಗೆಲ್ಲ ಒಗ್ಗಿ ಹೋಗಿರತ್ತೆ ಬಿಡ್ರಮ್ಮ. ಹತ್ತು ಗಂಟು ಹಾಗೇ ಬಿದ್ದಿದೆ."

ಒಗೆಯುವವರಿಗೆ ಒಗ್ಗುತ್ತದೆ. ಇದು ಮೇಲಿನವರು ಕಟ್ಟಿದ ಮಾತು. ಕೊಳೆಯಲ್ಲಿ ಹುಟ್ಟಿದ ಮೈಗೆ ಕೊಳೆ ಏನು ಮಾಡೀತು ಎನ್ನುವುದು ಅದರ ಅರ್ಥ. ನಾವೂ ಎಷ್ಟೋ ವರ್ಷ ಹಾಗೇ ನಂಬಿದ್ದೆವು. ಒಗ್ಗದವರು ಕೆಲಸ ಬಿಟ್ಟು ಹೋಗಿ ಎಲ್ಲೋ ಸತ್ತಿದ್ದರು. ಉಳಿದ ನಾವು ಮಾತ್ರ ಕಣ್ಣಿಗೆ ಬೀಳುತ್ತಿದ್ದೆವು, ಅಷ್ಟೇ.

ಹಾಸುಬಟ್ಟೆಯ ಮೂಲೆ ಹಿಡಿದು ನೋಡಿದೆ. ನಾಲ್ಕನೇ ವಾರ್ಡು, ಹನ್ನೊಂದನೇ ಮಂಚ ಎಂದು ಗುರುತು ಹೊಡೆದಿತ್ತು. ಗಂಟಿಗೆ ಹಳದಿ ಪಟ್ಟಿ ಇರಲಿಲ್ಲ. ಇಬ್ಬರೂ ಹಿಂಬಾಗಿಲಿನ ಮೆಟ್ಟಿಲು ಹತ್ತಿದೆವು. ಲಿಫ್ಟು ನಮಗಿಲ್ಲ. ನಾಲ್ಕನೇ ವಾರ್ಡಿನ ಆಯಾ ನಮ್ಮನ್ನು ಕಂಡು ಮೂಗಿಗೆ ಸೆರಗು ಹಿಡಿದಳು. ಆದರೂ ಹೇಳಿದಳು. "ಹನ್ನೊಂದಾ? ಹಳದಿ ಕಣ್ಣಿನವನು. ಅಯ್ಯೋ, ಪಟ್ಟಿ ಕಟ್ಟಿರಲಿಲ್ವಾ?"

ಅಲ್ಲಿಂದ ನೇರ ಕ್ಲಿನಿಕ್ಕಿಗೆ ಹೋಗಿ ನಡೆದದ್ದನ್ನು ಹೇಳಿದೆವು. ಅಲ್ಲಿನ ನರ್ಸು ಒಳ್ಳೆಯವಳು. ಇದನ್ನು ನಾನು ಹೇಳಲೇಬೇಕು. ನಾದಿನಿಯನ್ನು ಕುರ್ಚಿಯ ಮೇಲೆ ಕೂರಿಸಿದಳು. ಆ ಕಟ್ಟಡದಲ್ಲಿ ನಾವು ಕುರ್ಚಿ ಮುಟ್ಟಿದ್ದು ಅದೇ ಮೊದಲು. ಬಿಲ್ಲೆ ನೋಡಿದಳು. ಕಪಾಟಿನಿಂದ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದಳು.

"ಏಳು. ಮೂರೂ ಡೋಸು ಪೂರ್ತಿ. ಹೆದರಬೇಡಮ್ಮ, ಹನ್ನೊಂದನೇ ಮಂಚದವನ ಕಾಯಿಲೆ ನಿಂಗೆ ಅಂಟಲ್ಲ. ಹೋಗು."

ನಾದಿನಿ ಹಲ್ಲು ಬಿಟ್ಟಳು. "ಕೇಳಿದ್ಯಾ ಅತ್ತಿಗೆ? ನೀನು ನನ್ನ ಸುಮ್ನೆ ಓಡಿಸ್ಕೊಂಡು ಬಂದೆ."

ನಾನು ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡೆ. ಮೂರೂ ಪೂರ್ತಿ.

"ಸಿಸ್ಟರ್, ಒಂದೇ ಹಾಕಿಸ್ಕೊಂಡಿದ್ರೆ ಏನಾಗುತ್ತೆ?"

"ಒಂದೇ ಯಾಕೆ? ಮೂರಾಗಿದೆಯಲ್ಲ."

"ಸುಮ್ನೆ ಕೇಳ್ದೆ."

"ಒಂದೇ ಆದ್ರೆ ನಂಬೋಕಾಗಲ್ಲ" ಎಂದಳು. "ಮೊದಲನೇ ಸೂಜಿ ಮೈಗೆ ಆ ರೋಗದ ಗುರುತು ತೋರಿಸುತ್ತೆ. ಅಷ್ಟಕ್ಕೇ ಬಿಟ್ರೆ ಮೈ ಮರೆತುಬಿಡುತ್ತೆ. ಎರಡನೇದು ಮತ್ತೆ ತೋರಿಸುತ್ತೆ. ಮೂರನೇದರಲ್ಲಿ ನೆನಪು ಗಟ್ಟಿ ಆಗುತ್ತೆ. ಆಮೇಲೆ ನಿಜವಾದ ರೋಗ ಬಂದಾಗ ಮೈ ತಡ ಮಾಡಲ್ಲ, ಬಾಗಿಲಲ್ಲೇ ಹಿಡಿಯುತ್ತೆ. ಮೂರೂ ಒಂದೇ ಮೈಗೆ ಹೋಗ್ಬೇಕು."

ಒಂದೇ ಮೈಗೆ.

ಬಟ್ಟೆ ಒಗೆದೇ ಬದುಕಿದವಳಿಗೆ ಬೇರೆ ಪಾಠ ಬೇಕಾಗಲಿಲ್ಲ. ಒಂದು ಬಟ್ಟೆಯನ್ನು ನೆನೆಸಿದ್ದೆವು. ಇನ್ನೊಂದಕ್ಕೆ ಸೋಪು ಹಚ್ಚಿದ್ದೆವು. ಮತ್ತೊಂದನ್ನು ಜಾಲಿಸಿದ್ದೆವು. ಮೂರರಲ್ಲಿ ಒಂದೂ ಶುದ್ಧವಾಗಿರಲಿಲ್ಲ.

ನಾದಿನಿ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ಮೇಜಿನ ಅಡಿಯಲ್ಲಿ ನನ್ನ ಕೈ ಚಿವುಟಿದಳು. ಬಾಯಿ ಬಿಡಬೇಡ ಎಂದು. ಬಾಯಿ ಬಿಟ್ಟರೆ ಬಿಲ್ಲೆ ಹೋಗುತ್ತದೆ, ಮನೆಯ ಒಲೆ ಆರುತ್ತದೆ. ನನ್ನ ಗಂಡ ಲಾರಿಯ ಜೊತೆ ಹೋದರೆ ತಿಂಗಳಿಗೆ ಒಮ್ಮೆ ಮುಖ ತೋರಿಸುವವನು. ಚಿವುಟಿದ ಜಾಗದಲ್ಲಿ ಉಗುರು ಇಳಿಯಿತು. ನಾನು ಅವಳ ಕೊರಳಿನಿಂದ ಬಿಲ್ಲೆ ತೆಗೆದು ನರ್ಸಿನ ಮೇಜಿನ ಮೇಲಿಟ್ಟೆ.

"ಸಿಸ್ಟರ್, ಇದು ಒಬ್ಬಳಲ್ಲ. ಮೂವರು."

ನರ್ಸು ಪೆನ್ನು ಕೆಳಗಿಟ್ಟಳು. ಎಲ್ಲ ಹೇಳಿದೆ. ಆಮೇಲೆ ಅವಳು ಎರಡು ಬಗೆಯ ಸೂಜಿಯ ವಿಷಯ ಹೇಳಿದಳು. ನಾವು ಹಾಕಿಸಿಕೊಂಡಿದ್ದು ಮೈಗೆ ಕಲಿಸುವ ಸೂಜಿ. ಕಲಿಯಲು ವಾರಗಳು ಬೇಕು. ಇನ್ನೊಂದು ಇದೆ. ಈಗಾಗಲೇ ಕಲಿತ ಮೈಗಳ ರಕ್ತದಿಂದ ತೆಗೆದ ಸಿದ್ಧ ಕಾವಲು. ಕೂಡಲೇ ಕೆಲಸ ಮಾಡುತ್ತದೆ. ಅರ್ಧಂಬರ್ಧ ಆದವರಿಗೆ ರೋಗಿಯ ಸೂಜಿ ಚುಚ್ಚಿದರೆ ಎರಡೂ ಬೇಕು. "ಇಪ್ಪತ್ನಾಲ್ಕು ಗಂಟೆ ಒಳಗೆ ಕೊಟ್ರೆ ಒಳ್ಳೇದು. ತಡ ಆದಷ್ಟೂ ಬಲ ಕಮ್ಮಿ. ಏಳು ದಿನ ದಾಟಿದ್ರೆ ಕೊಟ್ಟೂ ಪ್ರಯೋಜನ ಇಲ್ಲ."

"ಎಲ್ಲಿದೆ ಅದು?"

ಅವಳು ಮೂಲೆಯ ಫ್ರಿಜ್ಜು ತೋರಿಸಿದಳು. ಬೀಗ ಹಾಕಿತ್ತು. ನಾದಿನಿ ಕೂತ ಕುರ್ಚಿಗೂ ಅದಕ್ಕೂ ನಾಲ್ಕು ಹೆಜ್ಜೆ.

ಬೀಗದ ಕೈ ಆಸ್ಪತ್ರೆಯ ಅಧಿಕಾರಿಯ ಹತ್ತಿರ. ಅಧಿಕಾರಿ ಗುತ್ತಿಗೆದಾರನನ್ನು ಕರೆಸಿದ. ಅಷ್ಟರಲ್ಲಿ ಎರಡು ಗಂಟೆಯ ಪಾಳಿಗೆ ಬಂದ ಅತ್ತೆಯೂ ಮೇಲೆ ಹತ್ತಿ ಬಂದರು, ಸೊಂಟ ಹಿಡಿದುಕೊಂಡು.

"ನಿನ್ನ ನಂಬರೆಷ್ಟು?" ಎಂದ ಅಧಿಕಾರಿ ನನ್ನನ್ನು ನೋಡಿ.

"ಏಳು."

"ಇವಳದು?"

"ಏಳು."

"ಆ ಮುದುಕಿದು?"

"ಅದೂ ಏಳೇ ಸಾರ್" ಎಂದರು ಅತ್ತೆ. "ಮೂಲ ಏಳು ನಾನೇ."

ಗುತ್ತಿಗೆದಾರ ಕೈ ಕಟ್ಟಿ ನಿಂತಿದ್ದ. "ಸಾರ್, ನನ್ನ ಹತ್ರ ಏಳನೇ ನಂಬರಿಗೆ ಒಬ್ಬಳೇ. ಈ ಮುದುಕಮ್ಮ. ಇವರಿಬ್ಬರು ಯಾರೋ ನಂಗೊತ್ತಿಲ್ಲ."

"ಗೊತ್ತಿಲ್ವಾ?" ಎಂದೆ. "ಹೋದ ವಾರ ನಾನು ಇನ್ನೊಂದು ಜೊತೆ ಗ್ಲೌಸು ಕೇಳಿದಾಗ ನಿಮ್ಮ ಮನೆಗೆಲ್ಲ ಸೇರಿ ಒಂದು ಕೊಟ್ಟಿದ್ದೀನಲ್ಲ ಅಂದಿದ್ದು ಯಾರಿಗೆ? ಗೋಡೆಗಾ?"

"ಸಾರ್, ಬಾಯಿ ನೋಡಿ ಹೆಂಗಿದೆ."

ಅಧಿಕಾರಿ ನರ್ಸಿನ ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದ. "ಒಬ್ಬಳ ಕಾರ್ಡಲ್ಲಿ ಮೂರು ಜನ ಸೂಜಿ ಹಾಕಿಸ್ಕೊಂಡಿದ್ದೀರಿ. ಇದಕ್ಕೆ ಮೋಸ ಅಂತಾರೆ, ಗೊತ್ತಾ?"

"ಒಬ್ಬಳ ಹೆಸರಲ್ಲಿ ಮೂವರ ಕೈಲಿ ಒಗೆಸಿದ್ರಲ್ಲ, ಅದಕ್ಕೇನಂತಾರೆ ಸಾರ್?"



ಅಧಿಕಾರಿ ಕಿರುಚಲಿಲ್ಲ. ಕಿರುಚಿದ್ದರೆ ಜಗಳ ಆಡಬಹುದಿತ್ತು. ಅವನು ಮೆತ್ತಗೆ ವಿವರಿಸಿದ. ಆ ಸೂಜಿ ಸಿಬ್ಬಂದಿಗೆ ಮಾತ್ರ. ಸಿಬ್ಬಂದಿಯಲ್ಲಿ ಏಳನೇ ನಂಬರಿಗೆ ಮೂರೂ ಆಗಿದೆ, ಅವಳಿಗೆ ಅಗತ್ಯವಿಲ್ಲ. ಚುಚ್ಚಿಸಿಕೊಂಡಿರುವ ಈ ಹುಡುಗಿ ಸಿಬ್ಬಂದಿಯಲ್ಲ. ಹೊರಗಿನ ರೋಗಿಗಳ ಸಾಲಿಗೆ ಹೋಗಲಿ.

ಹೊರಗಿನ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಅಲ್ಲಿನ ಡಾಕ್ಟರು ಕೇಳಿದ, "ಎಲ್ಲಿ ಚುಚ್ಚಿತು?"

"ಇಲ್ಲೇ. ಕೆಳಗೆ. ಬಟ್ಟೆ ಒಗೆಯೋವಾಗ."

"ಹಾಗಾದ್ರೆ ನೀವು ಸಿಬ್ಬಂದಿ. ಸಿಬ್ಬಂದಿ ಕ್ಲಿನಿಕ್ಕಿಗೆ ಹೋಗಿ."

ನಾದಿನಿ ನಕ್ಕುಬಿಟ್ಟಳು. "ಅತ್ತಿಗೆ, ನನ್ನ ಬೆರಳು ಸಿಬ್ಬಂದಿ. ನಾನು ಹೊರಗಿನವಳು."

ಸಂಜೆ ನರ್ಸು ನಮ್ಮನ್ನು ಹಿಂದಿನ ಬಾಗಿಲಿಗೆ ಕರೆದಳು. ಕಲಿಸುವ ಸೂಜಿಯ ಸೀಸೆಯಲ್ಲಿ ಒಬ್ಬರಿಗಾಗುವಷ್ಟು ಮಿಕ್ಕಿತ್ತು. ಹೇಗೂ ಚೆಲ್ಲಬೇಕಾದದ್ದು. ಅದನ್ನು ನಾದಿನಿಯ ತೋಳಿಗೆ ಹಾಕಿದಳು. "ಇದಿಷ್ಟೇ ನನ್ನ ಕೈಲಾಗೋದು. ಕಾವಲಿನದು ಬೀಗದೊಳಗಿದೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಆ ಕೆಂಪು ಕಣ್ಣಿನಿಂದ ಬೀಗ ತೆರೆಯಲಿಲ್ಲ.

ಮರುದಿನ ನಾವು ಮೂವರೂ ಒಟ್ಟಿಗೆ ಹೋದೆವು. ಎಷ್ಟೋ ವರ್ಷಗಳಲ್ಲಿ ಮೂವರೂ ಒಂದೇ ಹೊತ್ತಿಗೆ ಆ ಬಾಗಿಲು ದಾಟಿದ್ದು ಅದೇ ಮೊದಲು. ಕೆಳಗಿಳಿಯಲಿಲ್ಲ. ಅಧಿಕಾರಿಯ ಕೋಣೆಯ ಮುಂದೆ ನೆಲದ ಮೇಲೆ ಕೂತೆವು. ಎಂಟು ಗಂಟೆಯ ಹೊತ್ತಿಗೆ ಕೊಳವೆಯ ಬಾಯಿ ಗಂಟುಗಳಿಂದ ಕಟ್ಟಿಕೊಂಡಿತಂತೆ. ಸೂಪರ್‌ವೈಸರ್ ಓಡಿ ಬಂದ.

"ಏಳು! ಏಯ್, ಏಳು!"

ಅತ್ತೆ ತಲೆ ಎತ್ತಿದರು. "ಯಾವ ಏಳಪ್ಪ? ನಂಬರ್ ಏಳಾ, ಎದ್ದೇಳು ಅಂತ ಏಳಾ?"

ಬೆಂಚಿನ ಮೇಲಿದ್ದ ರೋಗಿಗಳು ನಕ್ಕರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ನಾವು ಏಳಲಿಲ್ಲ. ಆ ಒಂದು ಗಳಿಗೆ ನಮಗೆ ಏನೋ ಗೆದ್ದ ಹಾಗಾಯಿತು.

ನಮ್ಮ ಹಾಗೇ ಕೆಳಗೆ ಒಗೆಯುವ ಆರನೇ ನಂಬರಿನವಳು ಕಸದ ಬುಟ್ಟಿ ಹಿಡಿದು ಆ ದಾರಿಯಲ್ಲಿ ಬಂದಳು. ನಮ್ಮ ಹತ್ತಿರ ಬಗ್ಗಿ ಏನೋ ಎತ್ತಿಕೊಳ್ಳುವವಳ ಹಾಗೆ ಪಿಸುಗುಟ್ಟಿದಳು. "ನಮ್ಮದೂ ಇಬ್ಬರು ಕಣಕ್ಕ. ಎಂಟನೇದು, ಒಂಬತ್ತನೇದು ಎಲ್ಲ ಹಾಗೇ. ನಮ್ಮ ಸೂಜೀನೂ..."

"ಹಾಗಾದ್ರೆ ಕೂತ್ಕೊ ಬಾ" ಎಂದೆ.

ಅವಳು ಅತ್ತ ಇತ್ತ ನೋಡಿದಳು. ಕೂರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿನ್ನೆಯ ತನಕ ನಾನೂ ಅವಳೇ.

ಮಧ್ಯಾಹ್ನ ಕಾವಲುಗಾರರು ಬಂದು ನಮ್ಮನ್ನು ಗೇಟಿನ ಹೊರಗೆ ಬಿಟ್ಟರು. ಅತ್ತೆಯ ರಟ್ಟೆ ಹಿಡಿದು ಎಳೆದರು. ನಾವು ಗೇಟಿನ ಹೊರಗೇ ಕೂತೆವು. ಮೂರನೆಯ ದಿನವೂ, ನಾಲ್ಕನೆಯ ದಿನವೂ. ಊರಿನ ಇನ್ನೊಂದು ಆಸ್ಪತ್ರೆಗೂ ಹೋಗಿ ಬಂದೆವು. ಚುಚ್ಚಿದ ಜಾಗದವರಿಂದ ಪತ್ರ ತನ್ನಿ ಅಂದರು. ಪತ್ರ ಕೊಡಬೇಕಾದ ಅಧಿಕಾರಿ ನಮ್ಮನ್ನು ಕಂಡರೆ ಕಾರಿನ ಗಾಜು ಏರಿಸುತ್ತಿದ್ದ. ಐದನೆಯ ದಿನ ಬೆಳಿಗ್ಗೆ ಆರಕ್ಕೆ ಒಬ್ಬಳು ಹೊಸಬಳು ಗೇಟಿನೊಳಗೆ ಹೋದಳು. ಕೊರಳಲ್ಲಿ ನಮ್ಮ ಬಿಲ್ಲೆ. ಮಧ್ಯಾಹ್ನ ಅವಳ ತಂಗಿ ಬಂದು ಅದೇ ಬಿಲ್ಲೆ ಹಾಕಿಕೊಂಡಳು.

"ಗಂಟು ಬಿಚ್ಚೋ ಮೊದಲು ಕೋಲಿಂದ ಒತ್ತಿ ನೋಡಮ್ಮ" ಎಂದು ಅತ್ತೆ ಅವಳಿಗೆ ಕೂಗಿ ಹೇಳಿದರು. ಆ ಹುಡುಗಿ ಹೆದರಿ ಓಡಿದಳು.

ಏಳನೆಯ ದಿನ ಸಂಜೆ ನರ್ಸು ತಾನೇ ಗೇಟಿಗೆ ಬಂದಳು. ಸಮವಸ್ತ್ರ ಕಳಚಿ ಮನೆಯ ಬಟ್ಟೆಯಲ್ಲಿದ್ದಳು. "ಇನ್ನು ಕೂರಬೇಡಿ. ಕೊಟ್ರೂ ಏನೂ ಆಗಲ್ಲ ಇನ್ಮೇಲೆ" ಎಂದಳು. ನಾವು ಎದ್ದೆವು. ಬೈಯಲು ಯಾರೂ ಎದುರಿಗಿರಲಿಲ್ಲ. ಫ್ರಿಜ್ಜಿನಲ್ಲಿ ಆ ಸೂಜಿ ಹಾಗೇ ತಣ್ಣಗಿತ್ತು.

ಮೂರನೆಯ ತಿಂಗಳಲ್ಲಿ ನಾದಿನಿಗೆ ಅನ್ನ ಸೇರದಾಯಿತು. ಒಂದು ವಾರ ವಾಂತಿ. ಒಂದು ಬೆಳಿಗ್ಗೆ ಅವಳ ತಲೆ ಬಾಚುತ್ತಿದ್ದ ಅತ್ತೆಯ ಕೈ ನಿಂತಿತು. ಅವಳ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಕಣ್ಣು ನೋಡಿ ಮತ್ತೆ ಬಾಚತೊಡಗಿದರು.

ನರ್ಸಿನ ಮನೆ ಹುಡುಕಿಕೊಂಡು ಹೋಗಿ ರಕ್ತ ಕೊಟ್ಟೆವು. ಅವಳು ಹೊರಗಡೆ ಪರೀಕ್ಷೆ ಮಾಡಿಸಿ ಹೇಳಿದಳು. ಅದೇ. ದೊಡ್ಡವರಲ್ಲಿ ಹೆಚ್ಚಿನವರ ಮೈ ಇದನ್ನು ತಾನೇ ಓಡಿಸುತ್ತದೆ. ಆರು ತಿಂಗಳು ಕಾಯಬೇಕು. ಓಡಿಸಿದರೆ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ಓಡಿಸದಿದ್ದರೆ ಲಿವರಿನಲ್ಲಿ ಮನೆ ಮಾಡುತ್ತದೆ. ಯಾವುದಾಗುತ್ತದೆ ಎಂದು ಈಗಲೇ ಹೇಳಲು ಯಾರಿಗೂ ಬರುವುದಿಲ್ಲ. ಜೊತೆಗೆ ಉಂಡರೆ, ಮುಟ್ಟಿದರೆ ಅಂಟುವುದಿಲ್ಲ, ರಕ್ತದ ಬಗ್ಗೆ ಜೋಪಾನ ಎಂದಳು. ನಾನೂ ಅತ್ತೆಯೂ ಉಳಿದ ಎರಡೆರಡು ಸೂಜಿ ಹಾಕಿಸಿಕೊಳ್ಳಲೇಬೇಕು ಎಂದಳು. ಯಾವ ನಂಬರಿನ ಮೇಲೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಷ್ಟು ಹೇಳಿದ್ದರೂ ನಾದಿನಿ ಅವತ್ತು ತನ್ನ ತಟ್ಟೆ ಹಿಡಿದು ಬಾಗಿಲ ಹತ್ತಿರ ಹೋಗಿ ಕೂತಳು. ನನ್ನ ಮಗಳು ಅವಳ ತೊಡೆ ಏರಲು ಹೋದರೆ ತಳ್ಳಿದಳು. ಅತ್ತೆ ತಮ್ಮ ತಟ್ಟೆಯನ್ನು ದರದರನೆ ನೆಲದ ಮೇಲೆ ಎಳೆದುಕೊಂಡು ಅವಳ ಪಕ್ಕಕ್ಕೆ ಹೋದರು. ಅವಳ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡರು. ಅಗಿಯುತ್ತ ಅಗಿಯುತ್ತ ಅತ್ತರು. ನಾನೇ ಕಳಿಸಿದ್ದು, ನಾನೇ ಹಂಚಿದ್ದು, ಮೂರೂ ಇವಳಿಗೇ ಹಾಕಿಸಿದ್ದರೆ ಎಂದು ತುತ್ತಿನ ನಡುವೆ ಹೇಳುತ್ತಲೇ ಇದ್ದರು. ನಿಮ್ಮ ತಪ್ಪಲ್ಲ ಅತ್ತೆ ಎಂದು ನಾನು ಹೇಳಬೇಕಿತ್ತು. ಹೇಳಿದೆ. ಅದರಿಂದ ಏನೂ ಆಗಲಿಲ್ಲ.

ನಾದಿನಿ ಅಮ್ಮನ ಬೆನ್ನು ಸವರಿದಳು.

"ಸುಮ್ನಿರಮ್ಮ. ಈಗ ಕೇಳು. ನನ್ನ ಮೈ ಗೆದ್ರೆ ನಂಗಿನ್ನು ಸೂಜಿ ಬೇಡ್ವಂತೆ, ಜನ್ಮ ಪೂರ್ತಿ. ನನ್ನ ಪಾಲಿಂದು ಮಿಕ್ಕಿತಲ್ಲ." ಅವಳು ನನ್ನ ಕಡೆ ತಿರುಗಿದಳು. "ಅತ್ತಿಗೆ, ನೀವಿಬ್ರೂ ಹಂಚ್ಕೊಳ್ಳಿ."

ಹೇಳಿ ತಾನೇ ನಕ್ಕಳು. ನನಗೆ ನಗಲು ಆಗಲಿಲ್ಲ. ಬಾಗಿಲಿನ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ನಗುವ ಕಣ್ಣು ಪೂರ್ತಿ ಹಳದಿಯಾಗಿತ್ತು.